ಟವರಿಗೆ ಮೂರನೆಯ ಮುಖ

ಅಂಗಡಿಯವನು ಹೇಳಿದ ಬೆಲೆಯನ್ನು ಹಾಗೆಯೇ ಎಣಿಸಿಕೊಟ್ಟು ಬರುವವರನ್ನು ಕಂಡರೆ ನನಗೆ ಕೋಪ ಬರುವುದಿಲ್ಲ, ಮರುಕ ಬರುತ್ತದೆ. ಸಾಮಾನೇನೋ ಅವರಿಗೆ ಸಿಕ್ಕಿರುತ್ತದೆ, ಆದರೆ ವ್ಯಾಪಾರದ ಸುಖ ಸಿಕ್ಕಿರುವುದಿಲ್ಲ; ಹಸಿದು ಹೋದವನು ಊಟದ ಬದಲು ಗ್ಲೂಕೋಸ್ ಹಾಕಿಸಿಕೊಂಡು ಬಂದ ಹಾಗೆ. ಇಂಥವರು ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕರೂ ನಾನು ಪುಕ್ಕಟೆಯಾಗಿ ಸಲಹೆ ಕೊಡುತ್ತೇನೆ. ಬೇಕಾದ ವಸ್ತುವನ್ನು ನೋಡಬೇಡಿ, ಅದರ ಪಕ್ಕದ್ದನ್ನು ನೋಡಿ. ಬೆಲೆ ಕೇಳಿದ ಮೇಲೆ ಸುಮ್ಮನಿರಿ. ಬೈದರೂ ತಡೆದುಕೊಳ್ಳುವ ವ್ಯಾಪಾರಿ ಮೌನವನ್ನು ತಡೆದುಕೊಳ್ಳಲಾರ. ಆಗಲೂ ಬಗ್ಗದಿದ್ದರೆ ಎದ್ದು ಹೊರಡಿ, ಆದರೆ ನಿಧಾನವಾಗಿ ಹೊರಡಿ. ವಾಪಸ್ ಕರೆಯುವುದಕ್ಕೆ ಅವನಿಗೂ ಸಮಯ ಬೇಕಲ್ಲ. ಹೊರಡುವಾಗ ಛತ್ರಿಯನ್ನೋ ಕೈಚೀಲವನ್ನೋ ಅಲ್ಲೇ ಮರೆತು ಬನ್ನಿ. ಕರೆಯದಿದ್ದರೂ ಮಾನ ಕಳೆದುಕೊಳ್ಳದೆ ಒಳಗೆ ಹೋಗಬಹುದು. ಈ ವಿದ್ಯೆಯಿಂದಲೇ ನಾನು ಚಾಮರಾಜನಗರದಲ್ಲಿ ಒಂದು ಮನೆ ಕಟ್ಟಿದ್ದೇನೆ. ನಮ್ಮ ಮದುವೆಯಲ್ಲಿ ಪುರೋಹಿತರ ಹತ್ತಿರ ಮಂತ್ರ ಕಡಿಮೆ ಮಾಡಿಸಿ ದಕ್ಷಿಣೆ ಇಳಿಸಿದೆ ಎಂದು ನನ್ನ ಹೆಂಡತಿ ಮಂಜುಳಾ ಈಗಲೂ ಬಂದವರೆದುರು ಹೇಳುತ್ತಾಳೆ. ಅದು ಸುಳ್ಳು. ಮಂತ್ರವನ್ನು ಪೂರ್ತಿ ಹೇಳಿಸಿಯೇ ಇಳಿಸಿದೆ. ಇಂಥ ನಾನು ಸೋತದ್ದು ಒಂದೇ ಕಡೆ. ಅದೂ ಅಲ್ಲಿಯವರೆಗೆ ನನ್ನೊಡನೆ ನೇರವಾಗಿ ಒಂದು ಮಾತನ್ನೂ ಆಡಿರದ ಒಬ್ಬರ ಕೈಯಲ್ಲಿ.

ನಾನು ಶಾಲೆಯಲ್ಲಿ ಓದಿದ್ದು ಕಡಿಮೆ. ಕಲಿತದ್ದೆಲ್ಲ ತೆರಕಣಾಂಬಿಯ ಸಂತೆಯಲ್ಲಿ, ಟವಲ್ಲಿನ ಕೆಳಗೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಒಂದು ಟವಲ್ ಬೀಳುತ್ತದೆ. ಒಳಗೆ ಬೆರಳು ಬೆರಳನ್ನು ಹಿಡಿದು ಜಗಳವಾಡುತ್ತಿದ್ದರೆ ಹೊರಗೆ ಇಬ್ಬರ ಮುಖವೂ ಮಳೆ ಬೆಳೆಯ ವಿಚಾರ ಮಾತಾಡುತ್ತಿರುತ್ತದೆ. ಆ ಟವಲ್ಲಿನ ದಲ್ಲಾಳಿಯಾಗಿ ನಾನು ಹೊಟ್ಟೆ ಹೊರೆಯುತ್ತಿದ್ದ ಕಾಲಕ್ಕೆ ಮೊಬೈಲ್ ಬಂತು. ಬರುವ ಕರೆಗೆ ದುಡ್ಡು ಕೊಡಬೇಕಾಗಿಲ್ಲ ಎಂದಾದದ್ದೇ ತಡ, ನಮ್ಮ ಕಡೆ ಅಂಗಿಗೆ ಜೇಬಿದ್ದವರೆಲ್ಲ ಮೊಬೈಲ್ ಕೊಂಡರು. ಕೊಂಡ ಮೇಲೆ ಅದನ್ನು ಆಕಾಶಕ್ಕೆ ತೋರಿಸುತ್ತಾ 'ಟವರ್ ಸಿಗ್ತಾ ಇಲ್ಲ' ಎನ್ನತೊಡಗಿದರು. ಟವರ್ ನಿಲ್ಲಿಸುವ ಕಂಪನಿಯೊಂದು ಗುಂಡ್ಲುಪೇಟೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಜಾಗ ಗೊತ್ತುಮಾಡಿ ಬಾಡಿಗೆ ಕುದುರಿಸುವುದಕ್ಕೆ ಊರು ಬಲ್ಲವರೊಬ್ಬರನ್ನು ಹುಡುಕಿತು. ಹೀಗೆ ನಾನು ಟವಲ್ಲಿನಿಂದ ಟವರಿಗೆ ಬಂದೆ. ನಮ್ಮ ಹಳ್ಳಿಗಳಲ್ಲಿ ಎರಡನ್ನೂ ಟವಲ್ಲು ಎಂದೇ ಕರೆಯುತ್ತಿದ್ದುದರಿಂದ ನಾನು ಕಸುಬು ಬದಲಾಯಿಸಿದ್ದು ಬಹಳ ಜನಕ್ಕೆ ತಿಳಿಯಲೇ ಇಲ್ಲ.

ಕಂಪನಿಯ ಎಂಜಿನಿಯರ್ ಬಿನು ಎಂಬವನು, ಪಕ್ಕದ ವಯನಾಡಿನವನು. ಕೆಲಸದಲ್ಲಿ ಚುರುಕು, ಊಟದಲ್ಲಿ ಇನ್ನೂ ಚುರುಕು. ನನ್ನನ್ನು 'ಚೇಟ್ಟಾ' ಎಂದು ಅಣ್ಣನ ಸ್ಥಾನದಲ್ಲಿ ಕೂರಿಸಿದ್ದ. ಒಂದು ದಿನ ತಾಲೂಕಿನ ನಕ್ಷೆಯ ಮೇಲೆ ತಾನು ಬರೆದಿದ್ದ ವೃತ್ತಗಳನ್ನು ನೋಡುತ್ತಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. 

"ಆಫೀಸಿಂದ ಬೈದ್ರು ಚೇಟ್ಟಾ. ಖರ್ಚು ಜಾಸ್ತಿ ಆಯ್ತಂತೆ. ತೆರಕಣಾಂಬಿ ಕಡೆ ಎರಡು ಟವರ್ ಬೇಡ, ಒಂದರಲ್ಲೇ ಮುಗಿಸು ಅಂತಾರೆ. ಎಂಗೆ ಮುಗಿಸೋದು?"

ಅವನಿಗೆ ಅದು ತಲೆನೋವು, ನನಗೆ ಹಬ್ಬ. ಒಂದು ಬೆಲೆ ಹೇಳಿ ಇಳಿಸು ಎಂದವರಿಗೆ ನಾನು ಇಲ್ಲವೆಂದವನೇ ಅಲ್ಲ. ಇಬ್ಬರೂ ಬೈಕಿನಲ್ಲಿ ಒಂದು ವಾರ ಸುತ್ತಿದೆವು. ಗುಂಡ್ಲುಪೇಟೆಗೂ ತೆರಕಣಾಂಬಿಗೂ ನಡುವೆ ರಸ್ತೆ ಉಸಿರು ಕಟ್ಟಿಕೊಂಡು ಏರುವ ಒಂದು ದಿಣ್ಣೆಯಿದೆ. ಬಿನುವಿನ ನಕ್ಷೆಯಲ್ಲೂ ಅದಿತ್ತು. ಊರೊಳಗೆ ತಗ್ಗಿನಲ್ಲಿ ನಿಲ್ಲಿಸಿದರೆ ಟವರನ್ನು ಎತ್ತರ ಮಾಡಬೇಕು, ದಿಣ್ಣೆಯ ಮೇಲೆ ನಿಲ್ಲಿಸಿದರೆ ಗಿಡ್ಡನೆಯದೇ ಸಾಕು ಎಂದು ಅವನೇ ವಿವರಿಸಿದ. ನನಗೆ ಅಷ್ಟು ಸಾಕಾಯಿತು. ನೆಲದ ಎತ್ತರ ಪುಕ್ಕಟೆ, ಕಬ್ಬಿಣದ ಎತ್ತರಕ್ಕೆ ದುಡ್ಡು! ಪುಕ್ಕಟೆ ಎತ್ತರವನ್ನು ಬಿಟ್ಟು ಕೊಳ್ಳುವ ಎತ್ತರಕ್ಕೆ ಯಾರಾದರೂ ಹೋಗುತ್ತಾರೆಯೇ? ಜನರೇಟರಿಗೆ ಡೀಸೆಲ್ ತರುವ ಗಾಡಿಗೆ ರಸ್ತೆ ಪಕ್ಕದಲ್ಲೇ ಇತ್ತು. ಕರೆಂಟಿನ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎಂದು ನೋಡಿದರೆ ದಿಣ್ಣೆಯ ಹಿಂದುಗಡೆ, ಒಂದು ಚೆಂಡುಹೂವಿನ ಹೊಲದ ಮೂಲೆಯಲ್ಲಿತ್ತು. ಆ ಹೊಲ ಬೇರೆ ಯಾರದೂ ಅಲ್ಲ, ನಮ್ಮ ಅತ್ತೆಯದು, ಎಂದರೆ ಮಂಜುಳೆಯ ತಾಯಿಯದು. ಅಲ್ಲಿಂದ ದಿಣ್ಣೆಗೆ ಕರೆಂಟ್ ಕಂಬ ನೆಡುವುದಕ್ಕೆ ಯಾರ ಕಾಲೂ ಹಿಡಿಯಬೇಕಾಗಿಲ್ಲ ಎಂದು ಬಿನುವಿನ ಲೆಕ್ಕದಲ್ಲಿ ಆ ಬಾಬಿಗೆ ನಾನೇ ಸೊನ್ನೆ ಬರೆಸಿದೆ.

ದಿಣ್ಣೆಯ ಮಾಲೀಕ ಮಾದಪ್ಪ ಸಂತೆಯ ಕಾಲದಿಂದಲೂ ನನಗೆ ಬೇಕಾದವನು. ಬಾಡಿಗೆಯ ಮಾತು ಬಂದಾಗ ನಾವಿಬ್ಬರೂ ಅಭ್ಯಾಸಬಲದಿಂದ ಟವಲ್ಲಿನ ಕೆಳಗೆ ಕೈ ಸೇರಿಸಿದೆವು. "ಇದು ಎತ್ತಲ್ಲ ಕಣ್ಲಾ, ಹಲ್ಲು ನೋಡಿ ಬೆಲ ಕಟ್ಟಕ. ಜಾಸ್ತಿ ಅಮುಕ್ಬ್ಯಾಡ, ಬೆರಳು ಮುರ್ದುಬುಟ್ಟೀಯೆ" ಎಂದು ಅವನು ಹಲ್ಲು ಕಚ್ಚಿಕೊಂಡೇ ಒಪ್ಪಿದ. ಇಬ್ಬರು ಮೀಸೆ ಹೊತ್ತವರು ಬಟ್ಟೆಯ ಕೆಳಗೆ ಕೈ ಹಿಡಿದುಕೊಂಡು ನಗುತ್ತಿರುವುದನ್ನು ಕಂಡ ಬಿನು ಮುಖ ತಿರುಗಿಸಿ ದೂರದ ಬೆಟ್ಟ ನೋಡುತ್ತಾ ನಿಂತಿದ್ದ.

ಒಂದು ಉಳಿತಾಯ ಇನ್ನೊಂದಕ್ಕೆ ಬಾಯಿ ಚಪ್ಪರಿಸುವಂತೆ ಮಾಡುತ್ತದೆ. ಟವರಿನ ತುದಿಯಲ್ಲಿ ಉದ್ದನೆಯ ಬಿಳಿ ಹಲಗೆಗಳಂಥವು ಇರುತ್ತವಲ್ಲ, ಸಂಕೇತ ಹೋಗುವುದು ಬರುವುದು ಅವುಗಳಿಂದ. ಒಂದೊಂದು ದಿಕ್ಕಿಗೆ ಒಂದೊಂದು. ಬಿನು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದ, ನಾನು ಮುಖ ಎನ್ನುತ್ತಿದ್ದೆ. ಅವನು ಮೂರು ಮುಖ ಬರೆದಿದ್ದ. ತೆರಕಣಾಂಬಿ ಕಡೆಗೊಂದು, ಗುಂಡ್ಲುಪೇಟೆ ಕಡೆಗೊಂದು, ದಿಣ್ಣೆಯ ಹಿಂದಕ್ಕೊಂದು. "ಆ ಮೂರನೇದು ಯಾರಿಗಪ್ಪ?" ಎಂದೆ. "ಹೊಂಗೆಹುಂಡಿ ಇದೆಯಲ್ಲ ಚೇಟ್ಟಾ, ನಿಮ್ಮ ಅತ್ತೆ ಊರು" ಎಂದ. ಹುಂಡಿಯೆಂದರೆ ನಮ್ಮ ಕಡೆ ಸಣ್ಣ ಊರು. ದೇವಸ್ಥಾನದ್ದಲ್ಲ, ಇದರಲ್ಲಿ ದುಡ್ಡಿರುವುದಿಲ್ಲ. ನಾನು ನಕ್ಕು, "ಅಲ್ಲಿ ಮನೆಗಿಂತ ಹೂವಿನ ಹೊಲ ಜಾಸ್ತಿ. ಹೂವು ಫೋನ್ ಮಾಡಲ್ಲ ಬಿನು" ಎಂದೆ. ಟವರಿನ ಬುಡಕ್ಕೇ ಅಂಟಿಕೊಂಡ ಊರು, ಸೋರಿದ್ದೇ ಅದಕ್ಕೆ ಸಾಕು ಎಂಬುದು ನನ್ನ ಲೆಕ್ಕ. ಈರುಳ್ಳಿ ಮಂಡಿಯ ಪಕ್ಕದ ಮನೆಯವರು ಎಂದಾದರೂ ಈರುಳ್ಳಿ ಕೊಂಡದ್ದುಂಟೇ? ಬಿನು ಗೊಣಗಿದ. ಆಫೀಸು ಮಾತ್ರ ಹಿಗ್ಗಿತು. ಉಳಿತಾಯ ಮಾಡಿಕೊಟ್ಟವರಿಗೆ ಏನಾದರೂ ಮಾಡೋಣ ಎಂದಿತು. ಆ ರಾತ್ರಿ ಊಟಕ್ಕೆ ಕೂತು ಹೂವು ಫೋನ್ ಮಾಡಲ್ಲ ಎಂಬ ನನ್ನ ಮಾತನ್ನು ಮಂಜುಳೆಗೂ ಹೇಳಿದೆ. ಅವಳೂ ಬಿದ್ದು ಬಿದ್ದು ನಕ್ಕಳು. ಅವಳಿಗೆ ಆಗ ಐದನೆಯ ತಿಂಗಳು.

ಇಲ್ಲಿ ನಮ್ಮ ಅತ್ತೆ ದೊಡ್ಡತಾಯಮ್ಮನವರನ್ನು ಪರಿಚಯ ಮಾಡಿಕೊಡಬೇಕು. ಪರಿಚಯ ಮಾಡಿಕೊಡಲು ನನಗೇ ಅವರ ಮುಖದ ಪರಿಚಯ ಸರಿಯಾಗಿರಲಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅತ್ತೆಯಾದವರು ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಅದು ಅವನಿಗೆ ಕೊಡುವ ಮರ್ಯಾದೆ. ಮಾವನವರು ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಹೊಲ, ಹೂವು, ಆಳುಕಾಳು ಎಲ್ಲವನ್ನೂ ಅತ್ತೆಯೇ ನಡೆಸುತ್ತಿದ್ದರು. ಹೂವಿನ ವ್ಯಾಪಾರಿಗಳು ಅವರೊಡನೆ ಮಾತಿಗೆ ಕೂರುವ ಮುಂಚೆ ನೀರು ಕುಡಿಯುತ್ತಿದ್ದರಂತೆ. ಆದರೆ ನಾನು ಹೋದರೆ ಅಡುಗೆಮನೆಯ ಬಾಗಿಲ ಹಿಂದಕ್ಕೆ ಸರಿದು, ನಡುಮನೆಯ ಮರದ ಕಂಬವನ್ನು ಉದ್ದೇಶಿಸಿ ಮಾತಾಡುತ್ತಿದ್ದರು. "ಕಂಬಾ, ಅಳಿಯಂದ್ರು ಉಂಡ್ರಾ ಕೇಳು." ನಾನೂ ಕಂಬಕ್ಕೇ ಉತ್ತರ ಹೇಳುತ್ತಿದ್ದೆ. ಹಬ್ಬಗಳ ಯೋಜನೆ, ನನ್ನ ಕೆಮ್ಮಿಗೆ ಕಷಾಯ, ನಾನು ಕೊಂಡ ಬೈಕಿನ ಬಗ್ಗೆ ಅವರ ಅನುಮಾನ ಎಲ್ಲವೂ ಆ ಕಂಬದ ಮೂಲಕವೇ ಹಾದುಹೋಗಿವೆ. ಈಗ ಯೋಚಿಸಿದರೆ ಆ ತಾಲೂಕಿನ ಮೊದಲ ಟವರು ಅದೇ. ಡೀಸೆಲ್ ಕೂಡ ಕೇಳುತ್ತಿರಲಿಲ್ಲ.

ಏಳನೆಯ ತಿಂಗಳು ಹತ್ತಿರ ಬಂದಾಗ ಮಂಜುಳಾ ತವರಿಗೆ ಹೊರಡಲು ಬಟ್ಟೆ ಜೋಡಿಸುತ್ತಾ ಕೇಳಿದಳು: "ರೀ, ಅವ್ವನ ಮನೇಲಿ ಟವರ್ ಚೆನ್ನಾಗಿ ಸಿಕ್ತದ ತಾನೆ? ಬಾಣಂತನ ಮುಗ್ಸಿ ಬರೋವರ್ಗೂ ನಾನಲ್ಲೇ. ದಿನಾ ಮಾತಾಡ್ಬೇಕು." 

ಸಿಗದೆ ಏನು ಎಂದೆ. ಆದರೂ ಬಿನುವನ್ನು ಒಂದು ಮಾತು ಕೇಳಿದೆ. ಅವನು, "ಸೋರೋಕೆ ಅದು ನಲ್ಲಿ ಅಲ್ಲ ಚೇಟ್ಟಾ. ಮುಖ ಇಲ್ಲದ ಕಡೆಗೆ ಏನೂ ಹೋಗಲ್ಲ. ಅದರ ಮೇಲೆ ಊರು ತಗ್ಗಲ್ಲಿದೆ. ಅಲ್ಲಿ ಫೋನು ಗಡಿಯಾರ ನೋಡೋಕೆ ಮಾತ್ರ" ಎಂದ. ಇದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ನಾನು ದಾರಿಯುದ್ದಕ್ಕೂ ಪದ ಹುಡುಕಿದೆ. ಕೊನೆಗೆ, ಕಂಪನಿಯ ಮಿತವ್ಯಯದ ದೃಷ್ಟಿಯಿಂದ ಎಂದು ಶುರುಮಾಡಿದೆ.

"ಅಂದ್ರೆ ನಿಮ್ಮ ಜೊತೆ ಮಾತಾಡಕೆ ನಾನು ಈ ಹೊಟ್ಟೆ ಹೊತ್ಕೊಂಡು ದಿಣ್ಣೆ ಹತ್ತಬೇಕಾ? ರಾತ್ರಿ ನೋವು ಬಂದ್ರೆ ನಿಮಗೆ ಯಾರು ಹೇಳ್ತಾರೆ, ಚೆಂಡುಹೂವಾ?"

ಅವಳು "ಸರಿ ಬುಡಿ" ಎಂದು ಪೆಟ್ಟಿಗೆ ಮುಚ್ಚಿದಳು. ಗಂಡಸರಿಗೆ ನನ್ನ ಇನ್ನೊಂದು ಸಲಹೆ: ಹೆಂಡತಿ 'ಸರಿ ಬುಡಿ' ಎಂದಳೆಂದರೆ ಮಾತು ಮುಗಿಯಿತೆಂದು ತಿಳಿಯಬೇಡಿ. ವ್ಯಾಪಾರ ಬೇರೆ ಅಂಗಡಿಗೆ ಹೋಗಿದೆ ಎಂದು ತಿಳಿಯಿರಿ. ಹೊಂಗೆಹುಂಡಿಯ ಹೂವಿನ ಬುಟ್ಟಿಗಳು ಬೆಳಗಿನ ಬಸ್ಸಿನಲ್ಲಿ ಚಾಮರಾಜನಗರದ ಮಾರುಕಟ್ಟೆಗೆ ಬಂದು ಮಧ್ಯಾಹ್ನ ಖಾಲಿ ವಾಪಸಾಗುತ್ತಿದ್ದವು. ಬುಟ್ಟಿಯ ಜೊತೆ ಬರುವ ಹೆಂಗಸಿನ ಬಾಯಲ್ಲಿ ತಾಯಿ ಮಗಳು ಸುದ್ದಿ ಕಳಿಸಿಕೊಳ್ಳುವುದು ವಾಡಿಕೆ. ಆ ದಿನದ ಬುಟ್ಟಿ ಖಾಲಿ ಹೋಗಲಿಲ್ಲ ಎಂದು ಕಾಣುತ್ತದೆ.

ಮುಂದಿನ ವಾರ ಮಂಜುಳೆಯನ್ನು ತವರಿಗೆ ಬಿಡಲು ಹೋದಾಗಲೇ ಕರೆಂಟ್ ಕಂಬದ ಒಪ್ಪಿಗೆಯನ್ನೂ ಮುಗಿಸಿಕೊಂಡು ಬರೋಣ ಎಂದುಕೊಂಡೆ. ಹೊಲದವರು ಒಪ್ಪಿ ರುಜು ಹಾಕದೆ ಕರೆಂಟಿನವರು ಗುಂಡಿ ತೋಡುವುದಿಲ್ಲ. ಮಂಜುಳಾ ಒಳಗೆ ಹೋಗಿ ಮಲಗಿದಳು. ನಾನು ನಡುಮನೆಯಲ್ಲಿ ಕಂಬದ ಎದುರು ಕೂತೆ.

"ಕಂಬಾ, ಅಳಿಯಂದ್ರು ಬಿಸ್ಲಲ್ಲಿ ಬಂದವ್ರ. ಮಜ್ಗ ಕುಡೀಲಿ ಅನ್ನು" ಎಂದಿತು ಬಾಗಿಲು.

"ಮಜ್ಜಿಗೆ ಇರಲಿ ಕಂಬಾ. ಒಂದು ಸಣ್ಣ ಕೆಲಸ ಇತ್ತು ಅನ್ನು. ನಮ್ಮ ಹೊಲದ ಅಂಚಿನಲ್ಲಿ ನಾಲ್ಕು ಲೈಟು ಕಂಬ ಹಾಕ್ಬೇಕು. ನಮ್ಮವರೇ ಅಲ್ವಾ ಅಂತ ಬಂದೆ ಅನ್ನು."

ಬಾಗಿಲು ಸುಮ್ಮನಾಯಿತು. ಬಹಳ ಹೊತ್ತು ಸುಮ್ಮನಿತ್ತು. ನಾನು ಊರಿಗೆಲ್ಲ ಹೇಳಿಕೊಡುವ ಮೌನ ಎಷ್ಟು ಕೆಟ್ಟದ್ದೆಂದು ಅಂದು ತಿಳಿಯಿತು. ತಡೆಯಲಾರದೆ, "ಹೂವಿಗೇನೂ ತೊಂದ್ರೆ ಆಗಲ್ಲ ಅನ್ನು" ಎಂದುಬಿಟ್ಟೆ.

"ಹೂವ ಫೋನ್ ಮಾಡಲ್ವಂತಲ್ಲ ಕಂಬಾ?"

ಒಳಗೆ ಮಲಗಿದ್ದವಳು ಕೆಮ್ಮಿದಳು.

"ನೋಡು ಕಂಬಾ, ನಿನ್ ತಮ್ಮಂದ್ರು ನಾಕ್ ಜನ ನನ್ನೊಲಕ್ಕ ಬಂದು ನಿಂತ್ಕತರಂತ. ನಿಂತ್ಕಳ್ಲಿ, ಬ್ಯಾಡ ಅನ್ನಲ್ಲ. ಆದ್ರ ನಮ್ಮೊಲದ ಮ್ಯಾಲ ಕರೆಂಟ್ ಕುಡ್ಕಂಡು, ಆ ಟವಲ್ಲು ನಮ್ಗೇ ಬೆನ್ ಮಾಡ್ಕಂಡು ನಿಂತ್ಕತದಂತಲ್ಲ, ಇದ್ಯಾವ ಸೀಮ ಮರ್ವಾದಿ? ಉಣ್ಣಕ ಇಕ್ದೋರ ಕಡೀಕ ಒಂದ್ಸಲನಾರ ಮೊಕ ತಿರುಗ್ಸಬ್ಯಾಡ್ವಾ?"

ನಾನು ತಂತ್ರಜ್ಞಾನ ಹೇಳಿದೆ, ಖರ್ಚು ಹೇಳಿದೆ, ಆಫೀಸಿನವರ ಬಿಗಿ ಹೇಳಿದೆ. ಕಂಬ ಎಲ್ಲವನ್ನೂ ಕೇಳಿಸಿಕೊಂಡಿತು. ಕೊನೆಗೆ ನನ್ನ ಹಳೆಯ ಅಸ್ತ್ರ ತೆಗೆದೆ. ಹಾಗಾದರೆ ಬರುತ್ತೇನೆ ಎಂದು ಎದ್ದು, ಛತ್ರಿಯನ್ನು ಗೋಡೆಗೆ ಒರಗಿಸಿದಲ್ಲೇ ಬಿಟ್ಟು, ನಿಧಾನವಾಗಿ, ಬಹಳ ನಿಧಾನವಾಗಿ ಜಗಲಿ ಇಳಿದು ಬೇಲಿಯವರೆಗೆ ನಡೆದೆ. ಕರೆಯುವುದಕ್ಕೆ ಬೇಕಾದಷ್ಟು ಸಮಯ ಕೊಟ್ಟೆ. ಒಂದು ಕೋಳಿ ಮಾತ್ರ ನನ್ನನ್ನು ಕನಿಕರದಿಂದ ನೋಡುತ್ತಿತ್ತು. ಇರಲಿ, ಛತ್ರಿಯಿದೆಯಲ್ಲ ಎಂದು ಹಿಂದಿರುಗಿದರೆ, ಛತ್ರಿ ಹೊಸ್ತಿಲಿನ ಆಚೆ, ಜಗಲಿಯ ಮೇಲೆ ನನಗಾಗಿ ನೀಟಾಗಿ ಒರಗಿ ನಿಂತಿತ್ತು. ಪಕ್ಕದಲ್ಲಿ ಒಂದು ಚೊಂಬು ಮಜ್ಜಿಗೆ.

ಮಜ್ಜಿಗೆ ಕುಡಿದೆ. ಕರಿಬೇವು, ಶುಂಠಿ ಎಲ್ಲ ಹಾಕಿದ್ದರು. ವೈರಿಗೆ ಯಾರೂ ಅಷ್ಟು ಚೆನ್ನಾಗಿ ಮಜ್ಜಿಗೆ ಮಾಡುವುದಿಲ್ಲ. ಒಳಗೆ ಬಂದು ಕೂತು, "ಏನು ಬೇಕಂತೆ ಕೇಳು ಕಂಬಾ" ಎಂದೆ.

ಈ ಸಲ ಬಾಗಿಲಿನ ದನಿ ಸ್ವಲ್ಪ ತಗ್ಗಿತು. "ಒಂದ್ ಮೊಕ ಸಾಕು ಕಂಬಾ. ಮಗ್ಳು ಗಂಡನ್ ಮನ್ಗ ಓದ್ಮ್ಯಾಲ ಅವ್ಳ ಮಾತೆಲ್ಲ ನಂಗ ಬುಟ್ಟೀಲಿ ಬತ್ತದ. ಬರಾದ್ರೊಳಗ ಬಾಡೋಗಿರ್ತದ. ನಾಳ ಮಗ ಎತ್ಕಂಡು ಓದ್ಲು ಅಂದ್ರ, ಆ ಮಗಿನ ದನೀನೂ ನಾನು ಬುಟ್ಟೀಲೇ ಇಳಿಸ್ಕಬೇಕಾ?"

ಇದಕ್ಕೆ ಟವಲ್ಲಿನ ಕೆಳಗೆ ಯಾವ ಬೆರಳನ್ನು ಹಿಡಿಯಬೇಕೆಂದು ನನಗೆ ಯಾವ ಸಂತೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ಗುಂಡ್ಲುಪೇಟೆಗೆ ಬಂದು ಬಿನುವಿಗೆ ಹೇಳಿದೆ. ಅವನು ಅತ್ತೆಯ ಹೊಲ ಬಿಟ್ಟು ಸುತ್ತುಹಾಕಿ ಬಂದರೆ ಎಷ್ಟು ಕಂಬ ಬೇಕು, ಎಷ್ಟು ಜನರ ಒಪ್ಪಿಗೆ ಬೇಕು, ಯಾರ ಹುಣಸೆಮರ ಕಡಿಯಬೇಕು ಎಂದು ಲೆಕ್ಕ ಹಾಕಿದ. ಹಾಕುತ್ತಾ ಹಾಕುತ್ತಾ ನಗಲು ಶುರುಮಾಡಿದ. "ಚೇಟ್ಟಾ, ಸುತ್ತು ಬರೋದಕ್ಕಿಂತ ಮೂರನೇ ಮುಖ ಹಾಕೋದೇ ಅಗ್ಗ! ನಾನು ಮೊದಲೇ ಬರೆದಿದ್ದೆನಲ್ಲ. ನಿಮ್ಮ ಅತ್ತೇನ ಆಫೀಸಿಗೆ ಕಳಿಸಿ, ನಾವಿಬ್ರೂ ಹೂವು ಕೀಳೋಣ." ಆಫೀಸಿಗೆ ಹೊಸ ಲೆಕ್ಕ ಹೋಯಿತು. ಅವರು ಒಪ್ಪಿದರು, ಆದರೆ ನನಗೆ ಏನಾದರೂ ಮಾಡೋಣ ಎಂದಿದ್ದರಲ್ಲ, ಆ 'ಏನಾದರೂ' ಮೂರನೆಯ ಮುಖವಾಗಿ ದಿಣ್ಣೆಯ ಮೇಲೆ ಹತ್ತಿ ಕೂತಿತು. ಅತ್ತೆ ಒಪ್ಪಿಗೆಗೆ ರುಜು ಹಾಕಿ ಕಂಬದ ಮೂಲಕ ಒಂದೇ ಮಾತು ಹೇಳಿ ಕಳಿಸಿದರು: "ಟವಲ್ಲು ಕೊಟ್ಟೋರು ಅದ ಇಡ್ಕಳಕ ಒಂದು ಫೋನೂ ಕೊಡ್ಲಿ ಅನ್ನು." ಗುಂಡ್ಲುಪೇಟೆಯ ಅಂಗಡಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಗುದ್ದಾಡಿ ಫೋನು ಕೊಂಡೆ. ಆ ಅಂಗಡಿಯವನ ಮೇಲೆ ನನ್ನ ಸೇಡನ್ನೆಲ್ಲ ತೀರಿಸಿಕೊಂಡೆ. ಪಾಪ, ಅವನಿಗೆ ಕಾರಣ ಗೊತ್ತಿರಲಿಲ್ಲ.

ಟವರ್ ನಿಂತು ಸಂಕೇತ ಬರತೊಡಗಿದ ಮೇಲೆ ಮಂಜುಳಾ ದಿನವೂ ಮಾತಾಡಿದಳು. ಒಂದು ಬೆಳಗಿನ ಜಾವ ನಾನು ಕುದೇರಿನ ಕಡೆ ಇನ್ನೊಂದು ಜಾಗ ನೋಡಲು ಹೊರಡುತ್ತಿದ್ದೆ. ಫೋನು ಬಂತು. ಮಂಜುಳೆಯೇ ಎಂದು ಎತ್ತಿದರೆ, ಅತ್ತ ಉಸಿರು ಮಾತ್ರ. ಆಮೇಲೆ ಬಾಗಿಲ ಹಿಂದಿನ ಅದೇ ದನಿ, ಆದರೆ ನಡುವೆ ಬಾಗಿಲಿಲ್ಲ, ಕಂಬವಿಲ್ಲ.

"ಅಳಿಯಂದ್ರಾ? ನಾನು ಕಣಪ್ಪ. ಮಂಜಿಗ ನೋವು ಬಂದದ. ಜೀಪ್ನವ್ನಿಗೂ ಇದ್ರಲ್ಲೇ ಫೋನ್ ಮಾಡ್ಬುಟ್ಟೆ, ಬತ್ತಾವ್ನ. ಗುಂಡ್ಲುಪೇಟೆ ಆಸ್ಪತ್ರೆಗ ಬಂದ್ಬುಡಿ. ಬೈಕ ಮೆಲ್ಲುಕ ಓಡ್ಸಿ. ಗಾಬ್ರಿ ಮಾಡ್ಕಬ್ಯಾಡಿ, ನಾನಿವ್ನಿ."

ಫೋನಿನಲ್ಲಿ ಮಾತಾಡುತ್ತಿದ್ದರೂ ನಾನು ಎದ್ದು ನಿಂತು, ತಲೆಗೆ ಸುತ್ತಿದ್ದ ಮಫ್ಲರ್ ತೆಗೆದು, "ಹೂಂ ಅತ್ತೆ" ಎಂದೆ. ನಾನು ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಬೈಕನ್ನು ಮೆಲ್ಲಗೆ ಓಡಿಸಲಿಲ್ಲ.

ಆಸ್ಪತ್ರೆಯಲ್ಲಿ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಆ ಕಡೆಯ ಕಂಬದ ಹಿಂದೆ ಸೀರೆಯ ಅಂಚೊಂದು ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನರ್ಸು ಬಂದು ಆ ಕಂಬದ ಹಿಂದೆ ಏನೋ ಹೇಳಿ ಹೋದಳು. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. "ಯೆಣ್ ಮಗ ಅಳಿಯಂದ್ರೇ. ಇಬ್ರೂ ಚೆನ್ನಾಗವ್ರ. ಮೂಗ್ ಮಾತ್ರ ನಿಮ್ದೇ ಬಂದದಂತ. ಬುಡಿ, ಏನ್ ಮಾಡಕಾಯ್ತದ." ಕಂಬದ ಹಿಂದಿನ ನಗು ನನ್ನ ಎರಡು ಕಿವಿಗೂ ಬೇರೆ ಬೇರೆಯಾಗಿ ಕೇಳಿಸಿತು: ಒಂದು ಕಿವಿಗೆ ಗಾಳಿಯಲ್ಲಿ, ಇನ್ನೊಂದಕ್ಕೆ ಊರ ಟವರನ್ನು ಹತ್ತಿ ಇಳಿದು.

ಹೊಂಗೆಹುಂಡಿಯ ಕಡೆಗಿರುವ ಆ ಮೂರನೆಯ ಮುಖವೇ ಬೆಳಗಿನ ಹೊತ್ತು ಎಲ್ಲಕ್ಕಿಂತ ಗಿಜಿಗಿಜಿ ಎನ್ನುತ್ತದೆಂದು ಬಿನು ಆಮೇಲೆ ಹೇಳಿದ. ಹುಂಡಿಯವರೆಲ್ಲ ಮಾರುಕಟ್ಟೆಗೆ ಕರೆಮಾಡಿ ದರ ಕೇಳಿಯೇ ಬುಟ್ಟಿ ಎತ್ತುತ್ತಿದ್ದರು. ಹೂವು ಫೋನ್ ಮಾಡತೊಡಗಿತ್ತು. ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುವಂತೆ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಯಾರ ಫೋನೂ ಬಿಡುವಾಗಿರಲಿಲ್ಲ.

ಈಗ ಅತ್ತೆ ಮೊಮ್ಮಗಳನ್ನು ನೋಡಲು ಚಾಮರಾಜನಗರಕ್ಕೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ನಮ್ಮದು ಆರ್‌ಸಿಸಿ ಮನೆ, ನಡುಮನೆಯಲ್ಲಿ ಕಂಬವಿಲ್ಲ. ಕಟ್ಟಿಸುವಾಗ ಖರ್ಚು ಉಳಿಯಿತೆಂದು ನಾನೇ ಬೇಡವೆಂದಿದ್ದೆ. ಎದುರಿಗೆ ಬಂದು ಮಾತಾಡುವುದು ಮರ್ಯಾದೆಯಲ್ಲವಾದ್ದರಿಂದ ಅವರು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನನಗೆ ಫೋನ್ ಮಾಡುತ್ತಾರೆ. ಫೋನ್ ಮಾಡುತ್ತಾರೆ ಎಂದದ್ದು ತಪ್ಪು, ಮಿಸ್ಡ್ ಕಾಲ್ ಕೊಡುತ್ತಾರೆ. ನಾನು ಎತ್ತುವಷ್ಟರಲ್ಲಿ ನಿಲ್ಲಿಸುವ ಕೈಚಳಕ ಅವರಿಗೆ ಸಿದ್ಧಿಸಿದೆ. ನಡುಮನೆಯಲ್ಲಿ ಕೂತ ನಾನು ನನ್ನ ದುಡ್ಡಿನಲ್ಲಿ ಒಂದು ಗೋಡೆಯ ಆಚೆಗೆ ಕರೆ ಮಾಡುತ್ತೇನೆ. "ಅಳಿಯಂದ್ರೇ, ಮುದ್ದ ಆರೋಯ್ತದ, ಬನ್ನಿ" ಎನ್ನುತ್ತಾರೆ. ಒಂದು ಹೊತ್ತಿನ ಊಟಕ್ಕೆ ಸಾರು ಬೇಕೇ, ಮಜ್ಜಿಗೆ ಬೇಕೇ ಎಂದು ಇಂಥ ಕರೆಗಳು ಮೂರಾದರೂ ಆಗುತ್ತವೆ. ಈ ಖರ್ಚನ್ನು ಇಳಿಸುವ ಉಪಾಯ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ಇಲ್ಲಿಯವರೆಗೆ ಇಷ್ಟೊಂದು ಸಲಹೆಯನ್ನು ನಾನು ಪುಕ್ಕಟೆಯಾಗಿ ಕೊಟ್ಟಿದ್ದೇನೆ. ಆದರೆ ಕಾಗದ ಬರೆದು ತಿಳಿಸಿ. ಮಿಸ್ಡ್ ಕಾಲ್ ಮಾತ್ರ ಬೇಡ.